ಕಪ್ಪುಜನರ ಚರ್ಚು ಮತ್ತು ನೆರೆಹೊರೆಯ ಉದ್ಯಮ: ಗಿರಾಕಿ, ಅಡುಗೆಮನೆ, ಸಾಲ, ಜಮೀನು – ಯಾವುದರಿಂದ ಆರಂಭಿಸಬೇಕು?

ಅಮೆರಿಕದ ಒಂದು ನಗರದಲ್ಲಿ, ಕಪ್ಪುಜನರೇ ಹೆಚ್ಚಾಗಿರುವ ಬಡಾವಣೆಯ ಚರ್ಚಿನಲ್ಲಿ, ಭಾನುವಾರದ ಆರಾಧನೆ ಮುಗಿದ ಮೇಲೆ ನೆಲಮಾಳಿಗೆಯ ಊಟದ ಹಾಲಿನಲ್ಲಿ ಒಬ್ಬ ಮಹಿಳೆ ಸಿಹಿಗೆಣಸಿನ ಪೈ ಮಾರುತ್ತಿದ್ದಾರೆಂದು ಇಟ್ಟುಕೊಳ್ಳೋಣ. ಪೈ ಚೆನ್ನಾಗಿದೆ, ತಂದದ್ದೆಲ್ಲ ಅರ್ಧ ಗಂಟೆಯಲ್ಲಿ ಖಾಲಿಯಾಗುತ್ತದೆ, ಊರಿನ ಎರಡು ಹೋಟೆಲಿನವರೂ ಕೇಳಿದ್ದಾರೆ. ಇವರಿಗೆ ಚರ್ಚು ನೆರವಾಗಬೇಕು ಎಂಬುದರಲ್ಲಿ ಆಡಳಿತ ಮಂಡಳಿಯಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಒಬ್ಬ ಟ್ರಸ್ಟಿ ಚರ್ಚಿನ ನಿಧಿಯಿಂದ ಸಾಲ ಕೊಡೋಣ ಎನ್ನುತ್ತಾರೆ, ಇನ್ನೊಬ್ಬರು ನಮ್ಮದೇ ಪತ್ತಿನ ಸಹಕಾರ ಸಂಘ ತೆರೆಯೋಣ ಎನ್ನುತ್ತಾರೆ, ಮತ್ತೊಬ್ಬರ ಕಣ್ಣು ಚರ್ಚಿನ ಹಿಂದಿನ ಖಾಲಿ ನಿವೇಶನದ ಮೇಲಿದೆ, ಪಾಸ್ಟರಿಗೋ ವ್ಯಾಪಾರದ ತರಗತಿ ನಡೆಸುವ ಆಸೆ. ಇವೆಲ್ಲವೂ ಹಿಂದೆ ಯಾವುದೋ ಚರ್ಚಿನಲ್ಲಿ ನಡೆದಿರುವಂಥವೇ. ಕೆಲವು ಅದ್ಭುತವಾಗಿ ಫಲಿಸಿವೆ, ಕೆಲವು ಚರ್ಚನ್ನೇ ಮುಳುಗಿಸುವ ಹಂತಕ್ಕೆ ಒಯ್ದಿವೆ. ಯಾವ ಸಭೆಗೆ, ಅಂದರೆ ಯಾವ ಚರ್ಚಿನ ಭಕ್ತಸಮೂಹಕ್ಕೆ, ಯಾವುದು ಹೊಂದುತ್ತದೆ ಎಂಬುದನ್ನು ಇತಿಹಾಸವನ್ನೂ ಕಾನೂನನ್ನೂ ಎದುರಿಗಿಟ್ಟುಕೊಂಡು ತೂಗಿ ನೋಡುವುದು ಈ ಬರಹದ ಉದ್ದೇಶ.

ವ್ಯಾಪಾರಕ್ಕೂ ಚರ್ಚಿಗೂ ಏನು ಸಂಬಂಧ ಎಂದು ಕೇಳುವವರಿಗೆ ಉತ್ತರ ಹಳೆಯದು. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ರಿಚರ್ಡ್ ಅಲೆನ್ ಮತ್ತು ಅಬ್ಸಲಾಮ್ ಜೋನ್ಸ್ ಕಟ್ಟಿದ ಫ್ರೀ ಆಫ್ರಿಕನ್ ಸೊಸೈಟಿಯು ಅವರಿಬ್ಬರ ಚರ್ಚುಗಳಿಗಿಂತ ಮೊದಲೇ ಹುಟ್ಟಿದ್ದು. ಸದಸ್ಯರು ತಿಂಗಳಿಗೆ ಒಂದು ಬೆಳ್ಳಿ ಶಿಲ್ಲಿಂಗ್ ಕಟ್ಟುತ್ತಿದ್ದರು. ಆ ಹಣ ಕಷ್ಟಕ್ಕೆ ಸಿಕ್ಕಿದ ಸದಸ್ಯರಿಗೂ ಸತ್ತವರ ಹೆಂಡತಿ ಮಕ್ಕಳಿಗೂ ಹೋಗುತ್ತಿತ್ತು. ಮುಂದೆ ಬಿಳಿಯರ ಬ್ಯಾಂಕುಗಳು ಬಾಗಿಲು ಮುಚ್ಚಿದಾಗಲೂ, 1930ರ ದಶಕದಲ್ಲಿ ನಗರಗಳ ನಕ್ಷೆಯ ಮೇಲೆ ಕಪ್ಪುಜನರ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದು ಇವು ಸಾಲಕ್ಕೆ ಅಪಾಯದ ಜಾಗಗಳೆಂದು ಗುರುತಿಸಿದಾಗಲೂ, ಆ ಜನರದೇ ಒಡೆತನದಲ್ಲಿದ್ದು ವಾರವಾರವೂ ಹಣ ಸೇರುತ್ತಿದ್ದ ಕಟ್ಟಡ ಹೆಚ್ಚಿನ ಊರುಗಳಲ್ಲಿ ಚರ್ಚು ಒಂದೇ ಆಗಿತ್ತು.

ಆದರೆ ಹಣ ಸೇರುವುದೇ ಬೇರೆ, ಉಳಿಯುವುದೇ ಬೇರೆ. 1933ರಲ್ಲಿ ಪ್ರಕಟವಾದ ತಮ್ಮ ಅಧ್ಯಯನಕ್ಕಾಗಿ ಬೆಂಜಮಿನ್ ಮೇಸ್ ಮತ್ತು ಜೋಸೆಫ್ ನಿಕಲ್ಸನ್ ನಗರದ 609 ಮತ್ತು ಹಳ್ಳಿಯ 185 ಕಪ್ಪುಜನರ ಚರ್ಚುಗಳ ಲೆಕ್ಕಪತ್ರ ತೆಗೆದು ನೋಡಿದಾಗ, ನಗರದ ಚರ್ಚುಗಳಲ್ಲಿ ಹೆಚ್ಚಿನವು ಸಾಲದಲ್ಲಿದ್ದವು. ಬಂದ ಕಾಣಿಕೆಯ ದೊಡ್ಡ ಪಾಲು ಪಾದ್ರಿಯ ಸಂಬಳಕ್ಕೂ ಕಟ್ಟಡದ ಸಾಲಕ್ಕೂ ಹೋಗುತ್ತಿತ್ತು. (ಈ ಮೇಸ್ ಅವರೇ 1937ರ ಜನವರಿಯಲ್ಲಿ ವೈಎಂಸಿಎ ವಿಶ್ವ ಸಮ್ಮೇಳನಕ್ಕೆಂದು ಮೈಸೂರಿಗೆ ಬಂದಿದ್ದವರು; ಮುಂದೆ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾಗಿ ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಗುರುಸ್ಥಾನದಲ್ಲಿದ್ದವರು.) ಆ ಅಧ್ಯಯನ ಎತ್ತಿದ ಪ್ರಶ್ನೆ ಇಂದಿಗೂ ಮೊದಲ ಪ್ರಶ್ನೆಯೇ: ಕಟ್ಟಡದ ಕಂತು ಕಟ್ಟಿ ಮುಗಿಸಲು ಒದ್ದಾಡುತ್ತಿರುವ ಚರ್ಚು ಇನ್ನೊಬ್ಬರ ಉದ್ಯಮಕ್ಕೆ ಹಣ ಹೂಡಬಹುದೆ? ನನ್ನ ಉತ್ತರ, ಹೂಡಬಾರದು. ಆದರೆ ಹಣ ಹೂಡದೆ ಮಾಡಬಹುದಾದದ್ದು ನಾವೆಣಿಸಿದ್ದಕ್ಕಿಂತ ಹೆಚ್ಚಿದೆ.

ಕೊರತೆ ಎಲ್ಲಿದೆ ಎಂದು ಮೊದಲು ನೋಡಿ

ಸಣ್ಣ ಉದ್ಯಮ ಮುಗ್ಗರಿಸುವುದು ಸಾಮಾನ್ಯವಾಗಿ ನಾಲ್ಕು ಕಡೆ: ಗಿರಾಕಿ ಸಾಲದು, ಜಾಗ ಇಲ್ಲ, ಬಂಡವಾಳ ಇಲ್ಲ, ಇಲ್ಲವೇ ಕಾಗದಪತ್ರ ಮತ್ತು ಲೆಕ್ಕದ ಅರಿವಿಲ್ಲ. ಪೈ ಮಾಡುವ ನಮ್ಮ ಮಹಿಳೆಗೆ ಗಿರಾಕಿಗಳಿದ್ದಾರೆ. ಹಣದ ಅಗತ್ಯವೂ ಮೇಲ್ನೋಟಕ್ಕೆ ಕಾಣುವಷ್ಟಿಲ್ಲ. ಅವರನ್ನು ತಡೆದಿರುವುದು ಪೈಯ ಹೂರಣ. ಮನೆಯ ಅಡುಗೆಮನೆಯಲ್ಲಿ ಮಾಡಿದ ತಿನಿಸನ್ನು ಮಾರಲು ಅಮೆರಿಕದ ರಾಜ್ಯಗಳು ಒಂದು ಮಿತಿಯವರೆಗೆ ಅವಕಾಶ ಕೊಡುತ್ತವೆ; ಬ್ರೆಡ್ಡು, ಬಿಸ್ಕತ್ತು, ಜಾಮಿನಂಥ ಕೆಡದ ಪದಾರ್ಥಗಳಿಗೆ ತೊಂದರೆಯಿಲ್ಲ. ಸಿಹಿಗೆಣಸಿನ ಪೈಯಲ್ಲಿ ಮೊಟ್ಟೆ ಹಾಲು ಬೆರೆಯುವುದರಿಂದ ಅದು ತಣ್ಣಗೆ ಇಡಬೇಕಾದ ವಸ್ತುವಾಗುತ್ತದೆ, ಆದ್ದರಿಂದ ಹಲವು ರಾಜ್ಯಗಳಲ್ಲಿ ಮನೆಯಲ್ಲಿ ಮಾಡಿ ಹೋಟೆಲಿಗೆ ಮಾರುವಂತಿಲ್ಲ. ಇವರ ಕೈಗೆ ಐದು ಸಾವಿರ ಡಾಲರ್ ಸಾಲ ಕೊಟ್ಟರೆ ಸಾಲ ಉಳಿಯುತ್ತದೆ, ಪೈ ಹೋಟೆಲಿಗೆ ಹೋಗುವುದಿಲ್ಲ. ಇವರಿಗೆ ಬೇಕಾದದ್ದು ಪರವಾನಗಿ ಇರುವ ಒಂದು ಅಡುಗೆಮನೆ, ವಾರಕ್ಕೆ ಎರಡು ಬೆಳಗ್ಗೆ.

ಅದೇ ಸಭೆಯ ಕ್ಷೌರಿಕನಿಗೆ ಅಂಗಡಿಯ ಮುಂಗಡ ಕಟ್ಟಲು ಹಣ ಬೇಕಿರಬಹುದು. ಕೊಳಾಯಿ ರಿಪೇರಿ ಮಾಡುವವನಿಗೆ ಹಣವೂ ಜಾಗವೂ ಬೇಡ, ಕೆಲಸ ಕೊಡುವವರು ಬೇಕು. ಆದ್ದರಿಂದ ಯೋಜನೆಯನ್ನು ಮೊದಲೇ ಆರಿಸಿಕೊಂಡು ಆಮೇಲೆ ಉದ್ಯಮಿಗಳನ್ನು ಹುಡುಕುವ ಬದಲು, ಸಭೆಯಲ್ಲಿ ಯಾರು ಯಾವ ವ್ಯಾಪಾರದಲ್ಲಿದ್ದಾರೆ, ಎಲ್ಲಿ ಸಿಕ್ಕಿಕೊಂಡಿದ್ದಾರೆ ಎಂದು ಒಂದು ತಿಂಗಳು ಕೇಳಿ ಬರೆದುಕೊಳ್ಳುವುದೇ ಲೇಸು.

ಕೊಳ್ಳುವ ಶಕ್ತಿ: ಅತಿ ಅಗ್ಗದ ದಾರಿ

ಹೊಸ ನಿಧಿಯನ್ನೇ ಬೇಡದ ದಾರಿಯೆಂದರೆ ಚರ್ಚಿನದೂ ಸಭೆಯದೂ ಆದ ಕೊಳ್ಳುವ ಶಕ್ತಿ. ಇದರ ಬಲವನ್ನು ಜಗತ್ತಿಗೆ ತೋರಿಸಿದ್ದು ಫಿಲಡೆಲ್ಫಿಯಾದ ಝಯಾನ್ ಬ್ಯಾಪ್ಟಿಸ್ಟ್ ಚರ್ಚಿನ ಪಾಸ್ಟರ್ ಲಿಯಾನ್ ಸಲಿವನ್. 1960ರಲ್ಲಿ ಅವರೂ ನಗರದ ಸುಮಾರು 400 ಮಂದಿ ಕಪ್ಪು ಪಾದ್ರಿಗಳೂ ಸೇರಿ, ಕಪ್ಪುಜನರಿಗೆ ಒಳ್ಳೆಯ ಕೆಲಸ ಕೊಡದ ಕಂಪನಿಗಳ ಸರಕನ್ನು ಕೊಳ್ಳಬೇಡಿ ಎಂದು ವೇದಿಕೆಯಿಂದಲೇ ಸಾರಿದರು. ಮೊದಲ ಗುರಿಯಾದದ್ದು ಟೇಸ್ಟಿ ಬೇಕಿಂಗ್ ಕಂಪನಿ, ಅಂದರೆ ಕೇಕು ಮತ್ತು ಪೈಗಳ ಕಂಪನಿಯೇ. ಅದು ಕಪ್ಪುಜನರನ್ನು ಚಾಲಕ-ಮಾರಾಟಗಾರರ ಹುದ್ದೆಗೂ ಕಚೇರಿ ಕೆಲಸಕ್ಕೂ ತೆಗೆದುಕೊಳ್ಳಬೇಕೆಂಬುದು ಬೇಡಿಕೆ. ಒಂದೇ ಬೇಸಿಗೆಯಲ್ಲಿ ಕಂಪನಿ ಒಪ್ಪಿತು. ಪಾದ್ರಿಗಳ ಆ ಕೂಟಕ್ಕೆ ಕಚೇರಿಯಾಗಲಿ ಪದಾಧಿಕಾರಿಗಳಾಗಲಿ ಇರಲಿಲ್ಲ. ನ್ಯಾಯಾಲಯಕ್ಕೆ ಎಳೆಯಲು ಯಾರೂ ಕೈಗೆ ಸಿಗುವಂತಿರಲಿಲ್ಲ ಎಂಬುದು ಅದರ ಜಾಣತನವೂ ಆಗಿತ್ತು.

ಬಹಿಷ್ಕಾರದ ಇನ್ನೊಂದು ಮುಖವೇ ಆರಿಸಿ ಕೊಳ್ಳುವುದು, ಮತ್ತು ಸಣ್ಣ ಚರ್ಚಿಗೆ ಹೊಂದುವುದು ಅದೇ. ಛಾವಣಿ ರಿಪೇರಿ, ಆಮಂತ್ರಣದ ಮುದ್ರಣ, ಸಮಾಧಿ ಕಾರ್ಯದ ಊಟ, ಹಿಮ ತೆಗೆಯುವ ಗುತ್ತಿಗೆ, ಲೆಕ್ಕ ಪರಿಶೋಧನೆ, ವಿಮೆ, ಧ್ವನಿವರ್ಧಕ: ಚಿಕ್ಕ ಚರ್ಚು ಕೂಡ ವರ್ಷದಲ್ಲಿ ಇಂಥ ಹತ್ತಾರು ಕೆಲಸಗಳಿಗೆ ಚೆಕ್ಕು ಬರೆಯುತ್ತದೆ. ಇವುಗಳನ್ನು ನೆರೆಹೊರೆಯ ಉದ್ಯಮಿಗಳಿಗೆ ಕೊಡುವಾಗ ಎರಡು ಎಚ್ಚರ ಬೇಕು. ಮೊದಲನೆಯದು, ಕೆಲಸ ಮಾಡಿದವರಿಗೆ ಹದಿನೈದು ದಿನದೊಳಗೆ ಹಣ ಕೊಡುವುದು. ನಮ್ಮ ಚರ್ಚಿನವರೇ ತಾನೇ, ಕಾಯುತ್ತಾರೆ ಎಂದು ಮೂರು ತಿಂಗಳು ತಳ್ಳಿದರೆ ಅದು ಸಹಾಯವಲ್ಲ, ಬಡ್ಡಿಯಿಲ್ಲದೆ ಅವರಿಂದ ಪಡೆದ ಸಾಲ. ಎರಡನೆಯದು, ಟ್ರಸ್ಟಿಗಳ ಅಣ್ಣತಮ್ಮಂದಿರಿಗೇ ಗುತ್ತಿಗೆ ಹೋಗದಂತೆ ಮೂರು ದರಪಟ್ಟಿ ತರಿಸಿ, ಸಂಬಂಧ ಇದ್ದವರು ತೀರ್ಮಾನದಿಂದ ಹೊರಗುಳಿಯುವುದು.

ಈ ದಾರಿಯ ಮಿತಿಯನ್ನೂ ಹೇಳಬೇಕು. ಭಾನುವಾರದ ಪ್ರಕಟಣೆಯಲ್ಲಿ ಅಂಗಡಿಯ ಹೆಸರು ಓದಿದರೆ ಆ ವಾರ ಜನ ಹೋಗುತ್ತಾರೆ, ಸರಕು ಚೆನ್ನಾಗಿಲ್ಲದಿದ್ದರೆ ಮುಂದಿನ ವಾರ ಹೋಗುವುದಿಲ್ಲ. ಉದ್ಯಮಿಗಳ ಪಟ್ಟಿಯನ್ನು ಮುದ್ರಿಸಿ ಹಂಚಿದ ಎಷ್ಟೋ ಚರ್ಚುಗಳಲ್ಲಿ ಎರಡನೇ ವರ್ಷ ಆ ಪಟ್ಟಿಯನ್ನು ತಿದ್ದುವವರೇ ಇರುವುದಿಲ್ಲ.

ಅಡುಗೆಮನೆ ಮತ್ತು ಖಾಲಿ ಕೋಣೆ

ಹೆಚ್ಚಿನ ಚರ್ಚುಗಳ ಕಟ್ಟಡ ವಾರದಲ್ಲಿ ಐದು ದಿನ ಬೀಗ ಹಾಕಿಕೊಂಡೇ ಇರುತ್ತದೆ. ಆ ಖಾಲಿ ಹೊತ್ತನ್ನೇ ಬಂಡವಾಳವೆಂದು ಎಣಿಸುವುದು ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾಗುವ ದಾರಿ. ಬಾಲ್ಟಿಮೋರಿನ ಪ್ಲೆಸೆಂಟ್ ಹೋಪ್ ಬ್ಯಾಪ್ಟಿಸ್ಟ್ ಚರ್ಚಿನ ಪಾಸ್ಟರ್ ಹೀಬರ್ ಬ್ರೌನ್ 2010ರಲ್ಲಿ ಚರ್ಚಿನ ಮುಂದಿನ ಸುಮಾರು 1,500 ಚದರಡಿ ಹುಲ್ಲುಹಾಸನ್ನು ಅಗೆಸಿ ತರಕಾರಿ ಹಾಕಿಸಿದರು. 2015ರಲ್ಲಿ ಪೊಲೀಸರ ವಶದಲ್ಲಿ ಗಾಯಗೊಂಡ ಕಪ್ಪು ಯುವಕ ಫ್ರೆಡ್ಡಿ ಗ್ರೇ ಸಾವಿನ ನಂತರ ನಗರದಲ್ಲಿ ಗಲಭೆಯೆದ್ದು ಅಂಗಡಿಗಳು ಮುಚ್ಚಿದಾಗ, ಆ ಚರ್ಚು ಹಳ್ಳಿಯ ಕಪ್ಪು ರೈತರಿಂದ ತರಕಾರಿ ತರಿಸಿ ಹಂಚಿತು. ಅಲ್ಲಿಂದ ಬೆಳೆದದ್ದು ಬ್ಲ್ಯಾಕ್ ಚರ್ಚ್ ಫುಡ್ ಸೆಕ್ಯೂರಿಟಿ ನೆಟ್‌ವರ್ಕ್. ಇಲ್ಲಿ ಚರ್ಚು ಬ್ಯಾಂಕೂ ಆಗಲಿಲ್ಲ, ಕಟ್ಟಡದ ಗುತ್ತಿಗೆದಾರನೂ ಆಗಲಿಲ್ಲ. ತನ್ನಲ್ಲಿ ಮೊದಲೇ ಇದ್ದ ಜಾಗವನ್ನೂ ವ್ಯಾನನ್ನೂ ಭಾನುವಾರದ ಜನಸಂದಣಿಯನ್ನೂ ರೈತನಿಗೆ ಸಂತೆಯಾಗಿ ಒದಗಿಸಿತು.

ಅಡುಗೆಮನೆಯ ವಿಷಯ ಇಷ್ಟು ಸಲೀಸಲ್ಲ. ಚರ್ಚಿನ ಊಟಕ್ಕೆ ಸಾಲುವ ಅಡುಗೆಮನೆ ಮಾರಾಟದ ಅಡುಗೆಗೆ ಸಾಲದು. ಸ್ಥಳೀಯ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಬಂದಾಗ ಸಾಮಾನ್ಯವಾಗಿ ನೋಡುವುದು ಮೂರು ತೊಟ್ಟಿಯ ಸಿಂಕು, ಕೈ ತೊಳೆಯಲು ಪ್ರತ್ಯೇಕ ಸಿಂಕು, ಜಿಡ್ಡು ತಡೆಯುವ ತೊಟ್ಟಿ, ಒಲೆಯ ಮೇಲೆ ಬೆಂಕಿ ಆರಿಸುವ ವ್ಯವಸ್ಥೆಯುಳ್ಳ ಹೊಗೆಗೂಡು, ತಂಪುಪೆಟ್ಟಿಗೆಯೊಳಗೆ ಉಷ್ಣಮಾಪಕ. ಹೊಗೆಗೂಡೊಂದೇ ಇಡೀ ಖರ್ಚಿನ ದೊಡ್ಡ ಭಾಗವನ್ನು ನುಂಗಬಲ್ಲದು. ಆದರೆ ಪೈಗೆ ಒಲೆ ಬೇಡ, ಓವನ್ ಸಾಕು; ಎಣ್ಣೆಯಲ್ಲಿ ಕರಿಯುವ ಕೆಲಸವನ್ನು ಕೈಬಿಟ್ಟು ಬೇಯಿಸುವ ತಿನಿಸಿಗೆ ಮಾತ್ರ ಪರವಾನಗಿ ಕೇಳಿದರೆ ಕೆಲವೆಡೆ ನಿಯಮವೂ ಖರ್ಚೂ ಹಗುರಾಗುತ್ತದೆ. ಏನನ್ನಾದರೂ ಕೊಳ್ಳುವ ಮೊದಲು ಇನ್‌ಸ್ಪೆಕ್ಟರನ್ನು ಕರೆಸಿ ಖಾಲಿ ಕೋಣೆಯನ್ನು ತೋರಿಸಿ ಮಾತಾಡಿದ ಚರ್ಚು, ಸಿಂಕು ಹಾಕಿಸಿದ ಮೇಲೆ ಕರೆಸಿದ ಚರ್ಚಿಗಿಂತ ಹಣ ಉಳಿಸುತ್ತದೆ.

ಬಾಡಿಗೆಯ ತೆರಿಗೆಯನ್ನು ಕೂಡ ಮೊದಲೇ ಕೇಳಿ ತಿಳಿಯಬೇಕು. ಚರ್ಚಿನ ಧಾರ್ಮಿಕ ಉದ್ದೇಶಕ್ಕೆ ಸಂಬಂಧವಿಲ್ಲದ ವ್ಯಾಪಾರದ ಒಟ್ಟು ಆದಾಯ ವರ್ಷಕ್ಕೆ 1,000 ಡಾಲರ್ ಮುಟ್ಟಿದರೆ ತೆರಿಗೆ ಇಲಾಖೆಗೆ 990-ಟಿ ಎಂಬ ನಮೂನೆ ಸಲ್ಲಿಸಬೇಕಾಗುತ್ತದೆ. ಬರಿಯ ಜಾಗದ ಬಾಡಿಗೆಗೆ ಸಾಮಾನ್ಯವಾಗಿ ವಿನಾಯಿತಿಯಿದೆ; ಜಾಗದ ಜೊತೆ ಸೇವೆಯನ್ನೂ ಒದಗಿಸಿದರೆ, ಅಥವಾ ಆ ಕಟ್ಟಡವನ್ನು ಸಾಲದಲ್ಲಿ ಕೊಂಡಿದ್ದರೆ, ಲೆಕ್ಕ ಬೇರೆಯಾಗಬಹುದು. ಬಾಡಿಗೆಗೆ ಕೊಟ್ಟ ಭಾಗಕ್ಕೆ ಸ್ಥಳೀಯ ಆಸ್ತಿ ತೆರಿಗೆಯ ವಿನಾಯಿತಿ ತಪ್ಪುವುದೂ ಉಂಟು. ಬಾಡಿಗೆದಾರರು ತಮ್ಮ ಹೆಸರಿನಲ್ಲಿ ವಿಮೆ ಮಾಡಿಸಿ ಅದರಲ್ಲಿ ಚರ್ಚಿನ ಹೆಸರನ್ನೂ ಸೇರಿಸಿರಬೇಕು.

ತರಗತಿಗಳ ಬಗ್ಗೆ

ಇದರ ಬಗ್ಗೆ ಉದ್ದಕ್ಕೆ ಹೇಳುವುದಿಲ್ಲ. ಬಹಿಷ್ಕಾರದಿಂದ ಕೆಲಸಗಳೇನೋ ತೆರೆದವು, ಆ ಕೆಲಸಕ್ಕೆ ಬೇಕಾದ ತರಬೇತಿ ಪಡೆದವರು ಸಾಕಷ್ಟಿಲ್ಲ ಎಂದು ಕಂಡಾಗ ಸಲಿವನ್ 1964ರಲ್ಲಿ ಉತ್ತರ ಫಿಲಡೆಲ್ಫಿಯಾದ ಪಾಳುಬಿದ್ದ ಜೈಲು ಕಟ್ಟಡವೊಂದರಲ್ಲಿ ಒಐಸಿ ಎಂಬ ತರಬೇತಿ ಕೇಂದ್ರ ತೆರೆದರು. ಅದು ಮುಂದೆ ದೇಶದ ಹಲವು ನಗರಗಳಿಗೂ ಆಫ್ರಿಕಕ್ಕೂ ಹಬ್ಬಿತು. ಅದು ಗೆದ್ದದ್ದು ತರಗತಿಯ ಆಚೆ ಬದಿಯಲ್ಲಿ ಕೆಲಸ ಕಾಯುತ್ತಿತ್ತು ಎಂಬ ಕಾರಣಕ್ಕೆ. ಆಚೆ ಬದಿಯಲ್ಲಿ ಸಾಲವೋ ಗುತ್ತಿಗೆಯೋ ಅಡುಗೆಮನೆಯೋ ಇಲ್ಲದ ಎಂಟು ವಾರಗಳ ಉದ್ಯಮ ತರಗತಿ ಕೊನೆಗೆ ಕೊಡುವುದು ಪ್ರಮಾಣಪತ್ರವನ್ನು ಮಾತ್ರ. ಚರ್ಚಿನಲ್ಲಿರುವ ಒಬ್ಬ ನಿವೃತ್ತ ಲೆಕ್ಕಿಗರು ತಿಂಗಳಿಗೆ ಎರಡು ಶನಿವಾರ ಕುಳಿತು ಐದು ಜನರ ರಶೀದಿಗಳನ್ನು ಜೋಡಿಸಿ, ವ್ಯಾಪಾರಕ್ಕೂ ಮನೆಗೂ ಬೇರೆಬೇರೆ ಬ್ಯಾಂಕ್ ಖಾತೆ ಮಾಡಿಸಿಕೊಟ್ಟರೆ ಅದು ಹೆಚ್ಚು ಬೆಲೆಯುಳ್ಳದ್ದು.

ಸಾಲ: ಯಾರು ಕೊಡಬೇಕು, ಯಾರು ವಸೂಲು ಮಾಡಬೇಕು

ಇತಿಹಾಸದ ಪಾಠ ಅತ್ಯಂತ ಕಟುವಾಗಿರುವುದು ಇಲ್ಲಿ. 1865ರಲ್ಲಿ, ದಾಸ್ಯದಿಂದ ಬಿಡುಗಡೆಯಾದವರ ಉಳಿತಾಯಕ್ಕೆಂದು ಪಾದ್ರಿ ಜಾನ್ ಆಲ್ವರ್ಡ್ ಅವರ ಮುಂದಾಳುತನದಲ್ಲಿ ಫ್ರೀಡ್‌ಮನ್ಸ್ ಬ್ಯಾಂಕ್ ಆರಂಭವಾಯಿತು. ಇದರ ಹಿಂದೆ ಸರ್ಕಾರವೇ ಇದೆ ಎಂದು ಜನ ನಂಬಿದ್ದರು, ಇರಲಿಲ್ಲ. ಮೇಲಿನವರ ಬೇಜವಾಬ್ದಾರಿ ಸಾಲಗಳಿಂದ ಬ್ಯಾಂಕು ಒಳಗೊಳಗೇ ಕುಸಿದಿತ್ತು. 1874ರ ಮಾರ್ಚಿನಲ್ಲಿ, ದಾಸ್ಯದಿಂದ ತಪ್ಪಿಸಿಕೊಂಡು ಬಂದು ಕಪ್ಪುಜನರ ಹೆಸರಾಂತ ನಾಯಕರಾಗಿದ್ದ ಫ್ರೆಡರಿಕ್ ಡಗ್ಲಸ್ ಅವರನ್ನು ಅಧ್ಯಕ್ಷರನ್ನಾಗಿ ತಂದು ಕೂರಿಸಿದರೂ ಉಳಿಯಲಿಲ್ಲ, ಬೇಸಿಗೆಯಲ್ಲಿ ಬಾಗಿಲು ಹಾಕಿತು. 61,000ಕ್ಕೂ ಹೆಚ್ಚು ಠೇವಣಿದಾರರ ಸುಮಾರು 30 ಲಕ್ಷ ಡಾಲರ್ ಅದರಲ್ಲಿ ಸಿಕ್ಕಿಕೊಂಡಿತು. ಅದರ ನೆನಪು ಹಸಿಯಾಗಿದ್ದಾಗಲೇ 1890ರಲ್ಲಿ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದ ಸಿಕ್ಸ್‌ಟೀಂತ್ ಸ್ಟ್ರೀಟ್ ಬ್ಯಾಪ್ಟಿಸ್ಟ್ ಚರ್ಚಿನ ಪಾಸ್ಟರ್ ವಿಲಿಯಂ ಪೆಟಿಫೋರ್ಡ್ ಅಲಬಾಮಾ ಪೆನ್ನಿ ಸೇವಿಂಗ್ಸ್ ಬ್ಯಾಂಕ್ ಕಟ್ಟಿದರು. ಅದು 1893ರ ಹಣಕಾಸಿನ ಗಂಡಾಂತರವನ್ನು ದಾಟಿ, ಕಪ್ಪುಜನರ ಮನೆ ಅಂಗಡಿಗಳಿಗೆ ಸಾಲ ಕೊಟ್ಟು, 1915ರವರೆಗೆ ಬಾಳಿತು. ಪಾಸ್ಟರಾದವರು ಬ್ಯಾಂಕ್ ನಡೆಸಬಲ್ಲರೆ ಎಂಬ ಪ್ರಶ್ನೆಗೆ ಈ ಎರಡೂ ಉತ್ತರಗಳು.

ಇಂದಿನ ಸಭೆಗೆ ಇಲ್ಲಿ ಮೂರು ಮಾದರಿಗಳಿವೆ. ಮೊದಲನೆಯದು ಕೈಬದಲು. ಕೆರಿಬಿಯನ್ ಮೂಲದವರು ಸೂಸು ಎಂದು ಕರೆಯುವ ಪದ್ಧತಿ ನಮ್ಮ ಚೀಟಿಯಂತೆಯೇ: ಹತ್ತು ಜನ ತಿಂಗಳಿಗೆ ನೂರು ಡಾಲರ್ ಹಾಕುತ್ತಾರೆ, ಪ್ರತಿ ತಿಂಗಳೂ ಒಬ್ಬರು ಸಾವಿರ ಎತ್ತುತ್ತಾರೆ. ಹರಾಜಿಲ್ಲ, ಕಮಿಷನ್ ಇಲ್ಲ. ಓವನ್ ಕೊಳ್ಳಲು, ಪರವಾನಗಿ ಶುಲ್ಕ ಕಟ್ಟಲು ಇದು ಸಾಕು. ಮೊದಲು ಎತ್ತಿದವರು ಆಮೇಲೆ ಕಟ್ಟದಿದ್ದರೆ ಏನು ಎಂಬುದು ಚೀಟಿ ಹಾಕಿದ ಎಲ್ಲರಿಗೂ ಗೊತ್ತಿರುವ ಭಯವೇ. ಚರ್ಚು ಇದಕ್ಕೆ ಜಾಗ ಕೊಡಬಹುದು. ಹಣ ಇಟ್ಟುಕೊಳ್ಳುವ ಹೊಣೆ ಹೊರಬಾರದು.

ಎರಡನೆಯದು, ಚರ್ಚು ತಾನು ಸಾಲ ಕೊಡದೆ, ಸಾಲ ಕೊಡುವ ಸಂಸ್ಥೆಗೆ ಉದ್ಯಮಿಯನ್ನು ಪರಿಚಯಿಸಿ ಭರವಸೆಯ ಮಾತು ಹೇಳುವುದು. ಹಲವರಿಂದ ಸಣ್ಣ ಮೊತ್ತಗಳನ್ನು ಸೇರಿಸಿ ಸಾಲ ಕೊಡಿಸುವ ಕಿವಾ ಸಂಸ್ಥೆಯ ಮೂಲಕ ಅಮೆರಿಕದ ಸಣ್ಣ ಉದ್ಯಮಿಗಳು ಬಡ್ಡಿಯಿಲ್ಲದೆ 15,000 ಡಾಲರ್‌ವರೆಗೆ ಸಾಲ ಪಡೆಯಬಹುದು. ಅಲ್ಲಿ ಅಡಮಾನಕ್ಕಿಂತ ಹೆಚ್ಚಾಗಿ ನೋಡುವುದು ಅರ್ಜಿದಾರರ ಮೇಲೆ ಅವರ ಬಳಗಕ್ಕಿರುವ ನಂಬಿಕೆಯನ್ನು. ಇದಕ್ಕಿಂತ ದೊಡ್ಡ ಮೊತ್ತಕ್ಕೆ ಸಣ್ಣ ಉದ್ಯಮಗಳ ಸರ್ಕಾರಿ ಇಲಾಖೆಯ ಕಿರುಸಾಲ ಯೋಜನೆಯಲ್ಲಿ 50,000 ಡಾಲರ್‌ವರೆಗೆ ಅವಕಾಶವಿದೆ, ಮತ್ತು ಹಿಂದುಳಿದ ಪ್ರದೇಶಗಳಿಗೇ ಸಾಲ ಕೊಡಲೆಂದು ಇರುವ ಸಂಸ್ಥೆಗಳಿಗೆ ಬಂಡವಾಳ ಒದಗಿಸಲು 1994ರಲ್ಲಿ ಖಜಾನೆ ಇಲಾಖೆಯೊಳಗೆ ಸ್ಥಾಪಿಸಿದ ಸಿಡಿಎಫ್‌ಐ ನಿಧಿಯಿದೆ. ಚರ್ಚಿನ ಹತ್ತಿರ ಸ್ವಲ್ಪ ಮೀಸಲು ಹಣವಿದ್ದರೆ ಅದನ್ನು ಕಪ್ಪುಜನರ ಒಡೆತನದ ಬ್ಯಾಂಕಿನಲ್ಲೋ ಇಂಥ ಸಾಲಸಂಸ್ಥೆಯಲ್ಲೋ ಇಟ್ಟು, ಅದೇ ಬಡಾವಣೆಗೆ ಸಾಲ ಹೋಗುವಂತೆ ಕೇಳಬಹುದು. ಲಾಸ್ ಏಂಜಲೀಸಿನ ಫಸ್ಟ್ ಎಎಂಇ ಚರ್ಚು 1992ರ ಗಲಭೆಯ ನಂತರ ಡಿಸ್ನಿ ಕಂಪನಿಯಿಂದ 10 ಲಕ್ಷ ಡಾಲರ್ ಪಡೆದು ಕಿರುಸಾಲ ಯೋಜನೆ ನಡೆಸಿದಾಗಲೂ ಹಣ ಹೊರಗಿನದು, ನಡೆಸಿದ್ದು ಚರ್ಚಿನ ಅಭಿವೃದ್ಧಿ ವಿಭಾಗ. ಕಾಣಿಕೆಯ ಹಣವನ್ನು ಪಣಕ್ಕಿಟ್ಟಿರಲಿಲ್ಲ.

ಮೂರನೆಯದು ಚರ್ಚಿನದೇ ಪತ್ತಿನ ಸಹಕಾರ ಸಂಘ, ಅಂದರೆ ಅಲ್ಲಿಯವರು ಕ್ರೆಡಿಟ್ ಯೂನಿಯನ್ ಎನ್ನುವುದು. ಕೇಂದ್ರ ಸರ್ಕಾರದ ಎನ್‌ಸಿಯುಎ ವಿಮೆಯಡಿ ಪ್ರತಿ ಸದಸ್ಯರ ಠೇವಣಿಗೆ 2,50,000 ಡಾಲರ್‌ವರೆಗೆ ರಕ್ಷಣೆಯಿದೆ, ಆದ್ದರಿಂದ ಫ್ರೀಡ್‌ಮನ್ಸ್ ಬ್ಯಾಂಕಿನಂಥ ದುರಂತ ಠೇವಣಿದಾರರಿಗೆ ಮರುಕಳಿಸುವುದಿಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಕಾಂಕರ್ಡ್ ಬ್ಯಾಪ್ಟಿಸ್ಟ್ ಚರ್ಚಿನಂಥವು ಇದನ್ನು ದಶಕಗಳ ಕಾಲ ನಡೆಸಿವೆ. ವಾರದ ಕೊನೆಗೆ ಸಂಬಳದ ಚೆಕ್ಕು ಅಡವಿಟ್ಟು ಮೂರಂಕಿಯ ಬಡ್ಡಿಗೆ ಸಾಲ ಕೊಡುವ ಅಂಗಡಿಗಳು ಬೀದಿಗೊಂದರಂತಿರುವ ಬಡಾವಣೆಯಲ್ಲಿ ಇದರ ಉಪಕಾರ ದೊಡ್ಡದು. ಆದರೆ ಸನ್ನದು ಪಡೆಯಲು ಆರಂಭದ ಬಂಡವಾಳ, ತಿಳಿದ ವ್ಯವಸ್ಥಾಪಕ, ವರ್ಷಗಳ ಯೋಜನೆ ತೋರಿಸಬೇಕು. ಆಮೇಲೆ ತಂತ್ರಾಂಶದ ಖರ್ಚು, ತಪಾಸಣೆ, ನಿಯಮಗಳ ವರದಿ. ಸ್ವಯಂಸೇವಕರ ಮೇಲೆ ನಡೆಯುವ ಚಿಕ್ಕ ಸಂಘಗಳು ಒಂದೊಂದಾಗಿ ದೊಡ್ಡವುಗಳಲ್ಲಿ ವಿಲೀನವಾಗುತ್ತಿರುವುದು ಈ ಭಾರದಿಂದಲೇ. ಕೆಲವೇ ನೂರು ಸದಸ್ಯರ ಚರ್ಚು ಹೊಸದಾಗಿ ಸಂಘ ತೆರೆಯುವುದಕ್ಕಿಂತ, ಈಗಾಗಲೇ ಇರುವ ಸಂಘವೊಂದರ ಸದಸ್ಯತ್ವದ ವ್ಯಾಪ್ತಿಗೆ ತನ್ನ ಸಭೆಯನ್ನು ಸೇರಿಸುವಂತೆ ಕೇಳುವುದು ಮೇಲು.

ಚರ್ಚಿನ ನಿಧಿಯಿಂದ ನೇರವಾಗಿ ಸಾಲ ಕೊಡುವ ಆಯ್ಕೆಯನ್ನು ನಾನು ಪಟ್ಟಿಗೆ ಸೇರಿಸಲಿಲ್ಲ. ಸಾಲಗಾರ ಸುಸ್ತಿದಾರನಾದರೆ ಏನಾಗುತ್ತದೆ ಎಂದು ಯೋಚಿಸಿ. ಅವನು ಮುಂದಿನ ಭಾನುವಾರ ಗಾಯಕವೃಂದದಲ್ಲಿ ನಿಂತು ಹಾಡಬೇಕು, ನೋಟಿಸಿಗೆ ಸಹಿ ಹಾಕಿದ ಡೀಕನ್, ಅಂದರೆ ಚರ್ಚಿನ ಪದಾಧಿಕಾರಿ, ಎದುರಿನ ಸಾಲಿನಲ್ಲೇ ಕೂತಿರುತ್ತಾರೆ. ಒಂದೋ ಸಾಲ ಮನ್ನಾ ಆಗುತ್ತದೆ, ಇಲ್ಲವೇ ಅವನು ಚರ್ಚಿಗೆ ಬರುವುದನ್ನು ಬಿಡುತ್ತಾನೆ. ಅವನ ತಾಯಿ, ಅಕ್ಕ, ಅಕ್ಕನ ಮಕ್ಕಳೂ ಬಿಡುತ್ತಾರೆ. ಹಣ ಕಳೆದುಕೊಂಡರೂ ಪರವಾಗಿಲ್ಲ ಎನ್ನುವ ಸಭೆ ಅದನ್ನು ಸಾಲ ಎನ್ನದೆ, ಅರ್ಜಿ ಕರೆದು, ನಿಯಮ ಬರೆದಿಟ್ಟು, ಸಣ್ಣ ಅನುದಾನವೆಂದು ಕೊಟ್ಟುಬಿಡುವುದು ಒಳ್ಳೆಯದು.

ಜಮೀನು ಮತ್ತು ಕಟ್ಟಡ

ದೊಡ್ಡ ಫಲವೂ ದೊಡ್ಡ ನಷ್ಟವೂ ಈ ದಾರಿಯಲ್ಲಿವೆ. ಇದರ ಮಾದರಿ ಕೂಡ ಸಲಿವನ್ ಅವರದೇ. 1962ರಲ್ಲಿ ಅವರು ವೇದಿಕೆಯಿಂದ ಕೇಳಿದ್ದು ಸರಳ: ಐವತ್ತು ಜನ ತಿಂಗಳಿಗೆ 10 ಡಾಲರಿನಂತೆ 36 ತಿಂಗಳು ಕಟ್ಟಬೇಕು. ಐವತ್ತರ ಬದಲು ಇನ್ನೂರಕ್ಕೂ ಹೆಚ್ಚು ಜನ ಮುಂದೆ ಬಂದರು. ಪ್ರತಿಯೊಬ್ಬರ 360 ಡಾಲರಿನಲ್ಲಿ 160 ಡಾಲರ್ ದತ್ತಿ ಟ್ರಸ್ಟಿಗೆ, 200 ಡಾಲರ್ ಲಾಭದ ಕಂಪನಿಯ ಪಾಲಿಗೆ. ದಾನವನ್ನೂ ಹೂಡಿಕೆಯನ್ನೂ ಒಂದೇ ಜೇಬಿಗೆ ಹಾಕದೆ ಮೊದಲ ದಿನವೇ ಬೇರ್ಪಡಿಸಿದ್ದರಲ್ಲಿ ಆ ಯೋಜನೆಯ ವಿವೇಕವಿದೆ. ಅದರಿಂದ ಮೊದಲು ವಸತಿ ಕಟ್ಟಡಗಳು ಬಂದವು, 1968ರಲ್ಲಿ ನಾರ್ತ್ ಬ್ರಾಡ್ ಬೀದಿಯಲ್ಲಿ ಪ್ರೋಗ್ರೆಸ್ ಪ್ಲಾಜಾ ಎಂಬ ಅಂಗಡಿ ಸಮುಚ್ಚಯ ತೆರೆಯಿತು. ಅದು ಇಂದಿಗೂ ಇದೆ. 1990ರ ದಶಕದ ಕೊನೆಯಲ್ಲಿ ಅಲ್ಲಿನ ದಿನಸಿ ಮಳಿಗೆ ಮುಚ್ಚಿದ ಮೇಲೆ ಸುಮಾರು ಹತ್ತು ವರ್ಷ ಆ ಬಡಾವಣೆಗೆ ದೊಡ್ಡ ದಿನಸಿ ಅಂಗಡಿಯೇ ಇರಲಿಲ್ಲ. 2009ರಲ್ಲಿ ಹೊಸದು ಬಂತು. ಒಡೆತನ ಕೈಯಲ್ಲಿದ್ದುದರಿಂದ ಹತ್ತು ವರ್ಷ ಕಾಯಲು ಸಾಧ್ಯವಾಯಿತು ಎಂಬುದನ್ನು ಗಮನಿಸಬೇಕು.

ನ್ಯೂಯಾರ್ಕಿನ ಹಾರ್ಲೆಮ್‌ನ ಕಥೆಯನ್ನು ಇದರ ಪಕ್ಕಕ್ಕೆ ಇಟ್ಟು ನೋಡಿ. ಅಬಿಸಿನಿಯನ್ ಬ್ಯಾಪ್ಟಿಸ್ಟ್ ಚರ್ಚಿನ ಪ್ರೇರಣೆಯಿಂದ 1989ರಲ್ಲಿ ಹುಟ್ಟಿದ ಅಭಿವೃದ್ಧಿ ನಿಗಮ ನೂರಾರು ಮನೆಗಳನ್ನು ಕಟ್ಟಿತು, ಶಾಲೆ ತಂದಿತು, ಸಣ್ಣ ಅಂಗಡಿಯವರ ವಿರೋಧದ ನಡುವೆಯೂ 1999ರಲ್ಲಿ 125ನೇ ಬೀದಿಗೆ ಪಾತ್‌ಮಾರ್ಕ್ ಎಂಬ ದೊಡ್ಡ ದಿನಸಿ ಮಳಿಗೆಯನ್ನು ಬರಮಾಡಿಕೊಂಡಿತು. ಆಮೇಲೆ ನಿಗಮ ಹಣಕಾಸಿನ ಇಕ್ಕಟ್ಟಿಗೆ ಸಿಲುಕಿತು. 2014ರಲ್ಲಿ ಆ ನಿವೇಶನ ಕಟ್ಟಡೋದ್ಯಮಿಯೊಬ್ಬರಿಗೆ ಮಾರಾಟವಾಯಿತು, 2015ರಲ್ಲಿ ಮಳಿಗೆ ಮುಚ್ಚಿತು. ಬಡಾವಣೆಯ ಬೆಲೆ ಏರಲು ಕಾರಣರಾದವರೇ ಆ ಏರಿದ ಬೆಲೆಯ ಒತ್ತಡದಲ್ಲಿ ಜಾಗ ಬಿಟ್ಟುಕೊಡಬೇಕಾಗಿ ಬರುವುದು ಈ ದಾರಿಯ ವಿಚಿತ್ರ ಸಂಕಟ.

ನಿವೇಶನವಿದ್ದು ಕಟ್ಟುವ ಶಕ್ತಿಯಿಲ್ಲದ ಚರ್ಚಿಗೆ ಮಾರಾಟಕ್ಕಿಂತ ದೀರ್ಘಾವಧಿ ಗುತ್ತಿಗೆ ಲೇಸು: ನೆಲ ಚರ್ಚಿನದಾಗಿಯೇ ಉಳಿಯುತ್ತದೆ, ಕಟ್ಟುವ ಅಪಾಯ ಕಟ್ಟುವವನದು. ಮನೆ ಕಟ್ಟುವ ಆಲೋಚನೆಯಿದ್ದರೆ ಕ್ಯಾಲಿಫೋರ್ನಿಯಾದಲ್ಲಿ 2023ರಲ್ಲಿ ಆದ ಕಾನೂನು ಧಾರ್ಮಿಕ ಸಂಸ್ಥೆಗಳ ಜಾಗದಲ್ಲಿ ಕಡಿಮೆ ಬಾಡಿಗೆಯ ವಸತಿಗೆ ಅನುಮತಿಯ ಹಾದಿಯನ್ನು ಸುಗಮ ಮಾಡಿದೆ. ಸಭೆಯವರಿಂದಲೇ ಪಾಲು ಹಣ ಎತ್ತುವ, ಸಲಿವನ್ ಅವರ 10-36ರಂಥ (ತಿಂಗಳಿಗೆ 10 ಡಾಲರ್, 36 ತಿಂಗಳು) ಯೋಜನೆಗೆ ಇಂದು ಷೇರು ಕಾನೂನು ಅನ್ವಯಿಸುತ್ತದೆ. ನೋಂದಾಯಿತ ಆನ್‌ಲೈನ್ ವೇದಿಕೆಯ ಮೂಲಕ ಸಾರ್ವಜನಿಕರಿಂದ ವರ್ಷಕ್ಕೆ 50 ಲಕ್ಷ ಡಾಲರ್‌ವರೆಗೆ ಹೂಡಿಕೆ ಪಡೆಯುವ ನಿಯಮವಿದೆ. ವಕೀಲರಿಲ್ಲದೆ ಇದಕ್ಕೆ ಕೈಹಾಕಬಾರದು.

ಪ್ರತ್ಯೇಕ ಸಂಸ್ಥೆ ಯಾವಾಗ ಬೇಕು

ಕೊಳ್ಳುವುದಕ್ಕೆ ಬೇಕಿಲ್ಲ. ಅಡುಗೆಮನೆಗೆ ಬೇಕಾಗಬಹುದು. ಸಾಲಕ್ಕೂ ಜಮೀನಿಗೂ ಬೇಕೇ ಬೇಕು. ಚರ್ಚಿನಿಂದ ಬೇರೆಯಾದ 501(ಸಿ)(3) ಸಂಸ್ಥೆ, ಅಂದರೆ ತೆರಿಗೆ ವಿನಾಯಿತಿಯಿರುವ ಲಾಭರಹಿತ ಸಂಸ್ಥೆ, ಮಾಡಿಕೊಂಡರೆ, ಯೋಜನೆ ಮುಳುಗಿದರೂ ಪ್ರಾರ್ಥನೆಯ ಕಟ್ಟಡ ಉಳಿಯುತ್ತದೆ. ಸರ್ಕಾರದ ಮತ್ತು ದತ್ತಿನಿಧಿಗಳ ಅನುದಾನವೂ ಸುಲಭವಾಗುತ್ತದೆ. ಚರ್ಚು ಆದಾಯ ಖರ್ಚಿನ ವಿವರವುಳ್ಳ ವಾರ್ಷಿಕ 990 ನಮೂನೆ ಸಲ್ಲಿಸಬೇಕಿಲ್ಲ, ಈ ಸಂಸ್ಥೆ ಸಲ್ಲಿಸಲೇಬೇಕು, ಅದನ್ನು ಯಾರು ಬೇಕಾದರೂ ಓದಬಹುದು. ಕೆಲವು ಪಾಸ್ಟರುಗಳು ಇದನ್ನು ಕಿರಿಕಿರಿ ಎನ್ನುತ್ತಾರೆ. ನನಗೆ ಅದೇ ಇದರ ಮುಖ್ಯ ಉಪಯೋಗವಾಗಿ ಕಾಣುತ್ತದೆ.

ಹ್ಯೂಸ್ಟನ್‌ನ ವಿಂಡ್ಸರ್ ವಿಲೇಜ್ ಯುನೈಟೆಡ್ ಮೆಥಡಿಸ್ಟ್ ಚರ್ಚು ಮುಚ್ಚಿಹೋಗಿದ್ದ ಕೆ-ಮಾರ್ಟ್ ಮಳಿಗೆಯನ್ನು 1995ರಲ್ಲಿ ಪವರ್ ಸೆಂಟರ್ ಆಗಿ ಬದಲಿಸಿ, ಬ್ಯಾಂಕ್ ಶಾಖೆ, ಚಿಕಿತ್ಸಾಲಯ, ಸಣ್ಣ ಉದ್ಯಮಗಳ ಕಚೇರಿಗಳನ್ನು ಒಂದೇ ಸೂರಿನಡಿ ತಂದದ್ದು ಈ ಕ್ಷೇತ್ರದಲ್ಲಿ ಎಲ್ಲರೂ ಉದಾಹರಿಸುವ ಸಾಧನೆ. ಅದರ ರೂವಾರಿ ಪಾಸ್ಟರ್ ಕರ್ಬಿಜಾನ್ ಕಾಲ್ಡ್‌ವೆಲ್ ಮುಂದೆ ಬೇರೊಂದು ವಿಷಯದಲ್ಲಿ, ಬೆಲೆಯಿಲ್ಲದ ಹಳೆಯ ಚೀನೀ ಬಾಂಡುಗಳನ್ನು ಹೂಡಿಕೆದಾರರಿಗೆ ಮಾರಿದ ಪ್ರಕರಣದಲ್ಲಿ, 2020ರಲ್ಲಿ ತಪ್ಪೊಪ್ಪಿಕೊಂಡು 2021ರಲ್ಲಿ ಆರು ವರ್ಷಗಳ ಶಿಕ್ಷೆಗೆ ಗುರಿಯಾದರು. ಪವರ್ ಸೆಂಟರಿಗೂ ಆ ಅಪರಾಧಕ್ಕೂ ಸಂಬಂಧ ಕಲ್ಪಿಸುವುದು ತಪ್ಪು. ಆದರೆ ಒಬ್ಬ ವ್ಯಕ್ತಿಯ ಹೆಸರಿನ ಮೇಲೆ ಇಡೀ ಬಡಾವಣೆಯ ಹಣಕಾಸಿನ ನಂಬಿಕೆ ನಿಂತಿದ್ದರೆ ಆ ನಂಬಿಕೆಗೆ ಎರಡನೆಯ ಕಂಬ ಬೇಕು: ಪಾಸ್ಟರ್ ಅಧ್ಯಕ್ಷರಲ್ಲದ ಮಂಡಳಿ, ಹೊರಗಿನ ಪರಿಶೋಧಕರು, ಪ್ರತಿ ಚೆಕ್ಕಿಗೆ ಇಬ್ಬರ ಸಹಿ.

ಆರಿಸುವಾಗ

ನೂರು ಜನರೊಳಗಿನ ಸಭೆ, ಕಟ್ಟಡದ ಸಾಲ ಬಾಕಿಯಿದೆ ಎಂದಾದರೆ ಕೊಳ್ಳುವುದು, ಪರಿಚಯಿಸಿ ಭರವಸೆ ಹೇಳುವುದು, ಶನಿವಾರದ ಲೆಕ್ಕಿಗರು ಇಷ್ಟಕ್ಕೇ ನಿಲ್ಲಿಸಿ, ಅದು ಕಡಿಮೆಯೇನಲ್ಲ. ಸಾಲ ತೀರಿದ, ಒಳ್ಳೆಯ ನೆಲಮಾಳಿಗೆಯಿರುವ ಸಭೆಗೆ ಅಡುಗೆಮನೆ. ಸುತ್ತ ಬಡ್ಡಿ ಅಂಗಡಿಗಳೇ ತುಂಬಿದ್ದು ಹತ್ತಿರದಲ್ಲಿ ಬ್ಯಾಂಕಿಲ್ಲದಿದ್ದರೆ, ನಾಲ್ಕೈದು ಚರ್ಚುಗಳು ಸೇರಿ ಪತ್ತಿನ ಸಂಘದ ಮಾತು ತೆಗೆಯಬಹುದು, ಒಂದೇ ಚರ್ಚು ತೆಗೆಯಬಾರದು. ಜಮೀನಿನ ಯೋಜನೆಗೆ, ಕನಿಷ್ಠ ಮೂರು ವರ್ಷ ಹೊರಗಿನವರು ಪರಿಶೋಧಿಸಿದ ಲೆಕ್ಕವಿರುವ ಸಭೆಯೇ ಕೈಹಾಕಬೇಕು.

ಪೈ ಮಾಡುವ ಮಹಿಳೆಗೆ ಈ ಎಲ್ಲದರಲ್ಲಿ ಬೇಕಾದದ್ದು ಅಡುಗೆಮನೆ, ಓವನ್ ಕೊಳ್ಳಲು ಸೂಸುವಿನ ಒಂದು ಸರದಿ, ಮತ್ತು ಹೋಟೆಲಿನವರ ಜೊತೆ ದರ ಮಾತಾಡುವಾಗ ಪಕ್ಕದಲ್ಲಿ ಕೂರಲು ಆ ನಿವೃತ್ತ ಲೆಕ್ಕಿಗರು. ಆಡಳಿತ ಮಂಡಳಿ ಮುಂದಿನ ಸಭೆಗೆ ಬರುವಾಗ ಯಾವ ಯೋಜನೆಯ ಕಡತವನ್ನೂ ತರಬೇಕಿಲ್ಲ. ಕಳೆದ ವರ್ಷದ ಚೆಕ್ಕು ಪುಸ್ತಕವನ್ನು ತಂದು, ಎಷ್ಟು ಚೆಕ್ಕು ಚರ್ಚಿನಿಂದ ಒಂದು ಮೈಲಿಯೊಳಗಿನ ಅಂಗಡಿಗೆ ಹೋಗಿದೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋದರೆ ಮೊದಲ ಒಂದು ಗಂಟೆಯ ಕೆಲಸ ಅಲ್ಲೇ ಇದೆ.